ಭೋಸರಿಯ ಪಿನ್ನು, ಅಮೆರಿಕಾದ ಸುಂಕ: ಒಂದು ವರ್ಕ್‌ಶಾಪಿನ ಎಂಟು ತಿಂಗಳ ಲೆಕ್ಕ

ಪುಣೆಯ ಭೋಸರಿ ಎಂಐಡಿಸಿಯಲ್ಲಿ, ಅಂದರೆ ಅಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ, ನಾನು ಸಣ್ಣ ವರ್ಕ್‌ಶಾಪ್‌ಗಳ ಲೆಕ್ಕ ಬರೆಯುತ್ತೇನೆ. ಜಿಎಸ್‌ಟಿ ತುಂಬುವುದು, ಪಗಾರದ ಪಟ್ಟಿ ಮಾಡುವುದು, ಬ್ಯಾಂಕಿಗೆ ಕಾಗದ ಕೊಡುವುದು, ಇಷ್ಟೇ ಕೆಲಸ. ನನ್ನ ಪಾರ್ಟಿಗಳಲ್ಲಿ, ಅಂದರೆ ಗಿರಾಕಿಗಳಲ್ಲಿ, ನಾಲ್ಕೈದು ಜನ ವಿಜಯಪುರ, ಕಲಬುರಗಿ ಕಡೆಯವರು. ಅವರಲ್ಲಿ ಒಬ್ಬರು ಇಂಡಿ ತಾಲೂಕಿನವರು. ಹುಡುಗನಾಗಿದ್ದಾಗ ಲೋಹ ಕಡೆಯುವ ಲೇಥ್ ಮಶೀನಿನ ಮೇಲೆ ಹೆಲ್ಪರ್ ಆಗಿ ಬಂದವರು, ಈಗ ಸ್ವಂತ ಶೆಡ್ ನಡೆಸುತ್ತಾರೆ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ. ಮರಾಠಿ ಹುಡುಗರೂ ಕಾಕಾ ಎಂದೇ ಕರೆಯುತ್ತಾರೆ. ಆ ಪದ ಎರಡೂ ಭಾಷೆಯಲ್ಲಿ ನಡೆಯುತ್ತದಲ್ವಾ.

2025ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಅವರ ಶೆಡ್ಡಿನಲ್ಲಿ ಏನಾಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಅವರನ್ನು ಕೇಳಿಯೇ ಬರೆದದ್ದು. "ಹೆಸರ ಬ್ಯಾಡ, ಲೆಕ್ಕ ಬರಿ" ಅಂದರು. ಅಂಕಿಗಳನ್ನು ಸ್ವಲ್ಪ ರೌಂಡ್ ಮಾಡಿದ್ದೇನೆ, ಅಷ್ಟೇ.

ಏನು ಕೆಲಸ, ಯಾರಿಗೆ

ಐದು ಸಿಎನ್‌ಸಿ ಲೇಥ್ (ಕಂಪ್ಯೂಟರ್ ಮೇಲೆ ನಡೆಯುವವು), ಒಂದು ವಿಎಂಸಿ (ತೂತು, ತೋಡು ಕೊರೆಯುವ ಕಂಪ್ಯೂಟರ್ ಮಶೀನು), 14 ಜನ, ಎರಡು ಶಿಫ್ಟ್. ಎಲ್ಲವೂ ಜಾಬ್ ವರ್ಕ್. ಉಕ್ಕು ಪಾರ್ಟಿಯದು, ಡ್ರಾಯಿಂಗ್ ಪಾರ್ಟಿಯದು. ಚಲನ್ ಮೇಲೆ ಬಾರ್ ಬರುತ್ತದೆ, ಚಲನ್ ಮೇಲೆ ಪಾರ್ಟ್ ಹೋಗುತ್ತದೆ.

ದೊಡ್ಡ ಕೆಲಸ ಎರಡು. ಒಂದು, ಮಣ್ಣು ಅಗೆಯುವ ಪೋಕ್ಲೇನ್ ಯಂತ್ರದ ಪಿನ್ನು. ಬಕೆಟ್ಟೂ ಅದರ ತೋಳೂ ಕೂಡುವ ಕಡೆ ಕೂರುವ ದಪ್ಪ ಗೂಟ, ಸುಮಾರು 3 ಕಿಲೋ ತೂಕ. ಇಲ್ಲಿ ಟರ್ನಿಂಗ್ ಮಾಡುತ್ತಾರೆ, ಅಂದರೆ ಲೇಥ್ ಮೇಲೆ ಅಳತೆಗೆ ಕಡೆಯುತ್ತಾರೆ. ಗ್ರೀಸ್ ಹೋಗುವ ತೂತು, ತುದಿಯ ಬೋಲ್ಟ್ ತೂತು ವಿಎಂಸಿ ಮೇಲೆ ಹಾಕುತ್ತಾರೆ. ಹಾರ್ಡನಿಂಗ್, ಗ್ರೈಂಡಿಂಗ್ ಬೇರೆಯವರದು. ಇನ್ನೊಂದು, ಪಿಕಪ್ ಗಾಡಿಯ ಪ್ರೊಪೆಲ್ಲರ್ ಶಾಫ್ಟಿನ ಫ್ಲೇಂಜ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಉದ್ದ ದಂಡದ ತುದಿಯ ಬಿಲ್ಲೆ. ಎರಡೂ ಪುಣೆಯ ಹತ್ತಿರದ ಚಾಕಣದ ಒಂದೇ ಕಂಪನಿಗೆ ಹೋಗುತ್ತವೆ. ಅಲ್ಲಿಂದ ನ್ಹಾವಾ ಶೇವಾ ಬಂದರು, ಅಲ್ಲಿಂದ ಅಮೆರಿಕಾ. ಉಳಿದದ್ದು ಇಲ್ಲೇ ಓಡುವ ಟ್ರ್ಯಾಕ್ಟರುಗಳ ಚಿಲ್ಲರೆ ಕೆಲಸ.

ತಿಂಗಳಿಗೆ ಪಿನ್ನಿನ ಬಿಲ್ಲು 2.88 ಲಕ್ಷ, ಫ್ಲೇಂಜಿನದು 2.79 ಲಕ್ಷ, ಟ್ರ್ಯಾಕ್ಟರ್ ಕೆಲಸ 3 ಲಕ್ಷ. ಮೂರರಲ್ಲಿ ಎರಡು ಪಾಲು ದುಡಿಮೆ ಅಮೆರಿಕಾದ ಮೇಲೆ ನಿಂತಿದೆ. ಆದರೆ ಕಾಕಾ ಅವರ ಪುಸ್ತಕದಲ್ಲಿ ಡಾಲರ್ ಎಂಬ ಪದ ಒಂದು ಕಡೆಯೂ ಇಲ್ಲ. ನೀವು ರಫ್ತುದಾರರಾ ಎಂದು ಬ್ಯಾಂಕಿನವರು ಕೇಳಿದರೆ ಅಲ್ಲ ಎನ್ನಬೇಕು. ನಮ್ಮ ದೇಶದ ವಾಹನ ಬಿಡಿಭಾಗಗಳ ರಫ್ತು 2024-25ರಲ್ಲಿ ಸುಮಾರು 23 ಬಿಲಿಯನ್ ಡಾಲರ್. ಅದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಅಮೆರಿಕಾಕ್ಕೇ ಹೋಗುತ್ತದೆ. ಆ ಅಂಕಿಯ ಒಳಗೆ ಕಾಕಾ ಇದ್ದಾರೆ, ಹೊರಗಿನಿಂದ ಕಾಣುವುದಿಲ್ಲ.

ಎಲ್ಲರ ಅನುಮಾನ ಇವಿ ಮೇಲೆ

ಶೆಡ್ಡಿನಲ್ಲಿ ಚಹಾದ ಹೊತ್ತಿಗೆ ಮಾತು ಯಾವಾಗಲೂ ಇವಿಯಿಂದಲೇ, ಅಂದರೆ ಬ್ಯಾಟರಿ ಗಾಡಿಗಳಿಂದಲೇ, ಶುರುವಾಗುತ್ತಿತ್ತು. ಪುಣೆಯ ರಸ್ತೆಯಲ್ಲಿ ಇವಿಗಳ ಹಸಿರು ನಂಬರ್ ಪ್ಲೇಟು ದಿನ ದಿನಕ್ಕೆ ಜಾಸ್ತಿ. ಮಹೀಂದ್ರಾದ ಬಿಇ 6 ಚಾಕಣದಲ್ಲಿ ತಯಾರಾಗುತ್ತದೆ, ಟಾಟಾದ ನೆಕ್ಸಾನ್ ಇವಿ ರಾಂಜಣಗಾವದಲ್ಲಿ, ಚೇತಕ್ ಸ್ಕೂಟರ್ ಇಲ್ಲೇ ಆಕುರ್ಡಿಯಲ್ಲಿ. ಸುತ್ತ ಮುತ್ತ ಅದೇ.

ಕಾಕಾ ಅವರ ಅಭಿಪ್ರಾಯ ಒಂದೇ ಸಾಲಿನದು: "ಅದಕ ಕ್ಲಚ್ ಇಲ್ಲ, ಗೇರ್ ಇಲ್ಲ, ಪ್ರೊಪೆಲ್ಲರ್ ಶಾಫ್ಟ್ ಇಲ್ಲ. ನಮಗ ಏನ್ ಉಳೀತು?" ಫ್ಲೇಂಜಿನ ಮಟ್ಟಿಗೆ ಈ ಮಾತು ಸರಿಯೇ. ಇವಿಯಲ್ಲಿ ಮೋಟರ್ ಚಕ್ರದ ಹತ್ತಿರವೇ ಕೂರುತ್ತದೆ. ಎಂಜಿನ್ನಿಂದ ಹಿಂದಿನ ಆಕ್ಸಲ್‌ವರೆಗೆ ಉದ್ದ ಶಾಫ್ಟ್ ಬೇಕಾಗುವುದಿಲ್ಲ, ಫ್ಲೇಂಜೂ ಬೇಕಾಗುವುದಿಲ್ಲ.

ಆಳಂದಿಯಿಂದ ಬರುವ ಆಪರೇಟರ್ ಒಬ್ಬ ಎಲೆಕ್ಟ್ರಿಕ್ ಸ್ಕೂಟರ್ ತಗೊಂಡಿದ್ದ. ಪೆಟ್ರೋಲ್ ಖರ್ಚು ಉಳಿಯುತ್ತದೆ, ಅಷ್ಟು ಸಾಕು ಎನ್ನುವುದು ಅವನ ವಾದ. ಶೆಡ್ಡಿನ ಪ್ಲಗ್ಗಿನಲ್ಲಿ ಚಾರ್ಜ್ ಮಾಡಲು ಕಾಕಾ ಬಿಡುತ್ತಿರಲಿಲ್ಲ. ಕಾಕಾ ಅವರ ಮಗನಿಗೆ ಇವಿ ಕಾರು ಬೇಕಿತ್ತು. ಅಪ್ಪನಿಗೆ ಊರಿನ ಚಿಂತೆ. ಪುಣೆಯಿಂದ ಸೊಲ್ಲಾಪುರ 250 ಕಿಲೋಮೀಟರ್, ಅಲ್ಲಿಂದ ಮುಂದೆ ಊರು. ಜಾತ್ರೆಗೆ ಎಲ್ಲರನ್ನೂ ತುಂಬಿಕೊಂಡು, ಎಸಿ ಹಾಕಿಕೊಂಡು, ನೂರರ ವೇಗದಲ್ಲಿ ಹೊರಟರೆ ಕಂಪನಿ ಹೇಳಿದಷ್ಟು ದೂರ ಯಾವ ಬ್ಯಾಟರಿಯೂ ಓಡುವುದಿಲ್ಲ. ಇದು ನಿಜ. ಆದರೆ ವರ್ಷಕ್ಕೆ ನಾಲ್ಕು ಸಲ ಊರಿಗೆ ಹೋಗುವವರು ದಾರಿಯಲ್ಲಿ ಊಟಕ್ಕೆ ಮುಕ್ಕಾಲು ತಾಸು ನಿಲ್ಲುತ್ತಾರೆ, ಅದೂ ನಿಜ. ಈ ಜಗಳದಲ್ಲಿ ನಾನು ಮಗನ ಕಡೆ.

ಹೇಳಬೇಕೆಂದಿದ್ದು ಇದು: ಎಲ್ಲರೂ ಇವಿ ಕಡೆ ಕಣ್ಣು ನೆಟ್ಟು ಕೂತಿದ್ದರು. ಏಟು ಬಿದ್ದದ್ದು ಪಿನ್ನಿನ ಮೇಲೆ. ಪೋಕ್ಲೇನ್ ಡೀಸೆಲ್ ಮೇಲೆ ಓಡಲಿ, ಕರೆಂಟ್ ಮೇಲೆ ಓಡಲಿ, ಬಕೆಟ್ಟಿಗೆ ಪಿನ್ನು ಬೇಕೇ ಬೇಕು. ಹಾಗಾಗಿ ಆ ಕೆಲಸದ ಬಗ್ಗೆ ಯಾರಿಗೂ ಭಯವೇ ಇರಲಿಲ್ಲ.

ಬೇಸಿಗೆಯ ಸುಗ್ಗಿ

2025ರ ಏಪ್ರಿಲ್ 2ರಂದು ಟ್ರಂಪ್ ದೇಶ ದೇಶದ ಪಟ್ಟಿ ಹಿಡಿದು ಸುಂಕ ಘೋಷಿಸಿದರು. ಭಾರತಕ್ಕೆ ಶೇ. 26. ಒಂದು ವಾರಕ್ಕೆ, ಏಪ್ರಿಲ್ 9ರಂದು, 90 ದಿನ ತಡೆ ಕೊಟ್ಟರು. ಅಲ್ಲಿಯವರೆಗೆ ಶೇ. 10 ಮಾತ್ರ. ನಮಗೆ ಇದು ಟಿವಿಯಲ್ಲಿ ಬಂದ ಸುದ್ದಿ. ಚಾಕಣದ ಕಂಪನಿಯಿಂದ ಬಂದದ್ದು ಬೇರೆಯೇ ಸುದ್ದಿ: ಮಾಲು ಕೊಡಿ, ಎಷ್ಟಾದರೂ ಕೊಡಿ.

ತಿಂಗಳಿಗೆ 6,000 ಪಿನ್ನು ನಮ್ಮ ರೂಢಿ. ಏಪ್ರಿಲ್‌ನಲ್ಲಿ 7,500 ಹೋಯಿತು. ಮೇನಲ್ಲಿ 9,000, ಜೂನ್‌ನಲ್ಲಿ 10,500, ಜುಲೈನಲ್ಲಿ 11,000. ರವಿವಾರದ ರಜೆ ಹೋಯಿತು. ಓವರ್‌ಟೈಮಿಗೆ ದುಪ್ಪಟ್ಟು ಪಗಾರ. ಲೇಥ್‌ಗಳು ಹೇಗೋ ತಡೆದುಕೊಂಡವು, ವಿಎಂಸಿ ಮುಂದೆ ಮಾತ್ರ ಪಿನ್ನಿನ ರಾಶಿ ಬಿತ್ತು. ತೂತು ಹಾಕುವ ಮಶೀನು ಒಂದೇ.

ಜೂನ್‌ನಲ್ಲಿ ಕಾಕಾ ಇನ್ನೊಂದು ವಿಎಂಸಿ ಬುಕ್ ಮಾಡಿದರು. 28 ಲಕ್ಷ. ಅದರಲ್ಲಿ 22 ಲಕ್ಷ ಸಾಲ, ಐದು ವರ್ಷ, ತಿಂಗಳಿಗೆ 47 ಸಾವಿರ ಚಿಲ್ಲರೆ ಕಂತು. ಬ್ಯಾಂಕಿಗೆ ಕೊಟ್ಟ ಕಾಗದ ತಯಾರಿಸಿದ್ದು ನಾನೇ. ಮೂರು ತಿಂಗಳ ಬಿಲ್ಲು ತೋರಿಸಿ, ಗೆರೆ ಮೇಲಕ್ಕೆ ಹೋಗುತ್ತಿದೆ ಎಂದು ಬರೆದೆ. ಆ ಗೆರೆ ಯಾಕೆ ಮೇಲಕ್ಕೆ ಹೋಗುತ್ತಿದೆ ಎಂದು ನಾನೂ ಕೇಳಲಿಲ್ಲ, ಬ್ಯಾಂಕಿನವರೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ಕಷ್ಟದ್ದೇನೂ ಆಗಿರಲಿಲ್ಲ. ಇಲ್ಲಿಂದ ಅಮೆರಿಕಾಕ್ಕೆ ಹಡಗು ಮುಟ್ಟಲು ಒಂದು ತಿಂಗಳಿಗಿಂತ ಜಾಸ್ತಿ ಬೇಕು. ಸುಂಕ ಏರುವ ಮೊದಲೇ ಗೋದಾಮು ತುಂಬಿಸಿಕೊಳ್ಳಬೇಕೆಂದು ಅಲ್ಲಿಯ ಖರೀದಿದಾರರು ಓಡುತ್ತಿದ್ದರು. ಆರ್ಡರು ಬೆಳೆದಿರಲಿಲ್ಲ, ಮುಂದಿನ ತಿಂಗಳುಗಳದ್ದು ಈಗಲೇ ಬರುತ್ತಿತ್ತು. ಪೇಪರಿನಲ್ಲಿ ದಿನಾ ಬರುತ್ತಿದ್ದ ವಿಷಯವೇ ಇದು. ಓದಿದ್ದೆ. ಓದಿದ್ದನ್ನು ನಮ್ಮ ಪಿನ್ನಿಗೆ ಹೊಂದಿಸಿ ನೋಡಲಿಲ್ಲ.

ಒಂದೇ ಮಶೀನು, ಎರಡು ಸುಂಕ

ಆಗಸ್ಟ್ 7ರಿಂದ ಭಾರತದ ಮಾಲಿಗೆ ಶೇ. 25 ಬಿತ್ತು. ರಷ್ಯಾದ ತೈಲ ಕೊಳ್ಳುತ್ತೇವೆ ಎಂಬ ಕಾರಣಕ್ಕೆ ಆಗಸ್ಟ್ 27ರಿಂದ ಇನ್ನೂ ಶೇ. 25. ಕೂಡಿದರೆ 50. ಆ 27 ಗಣೇಶ ಚೌತಿ. ಪುಣೆ ಪೂರ್ತಿ ಡೋಲು ತಾಶಾ. ಹೊಸ ವಿಎಂಸಿ ಅದೇ ತಿಂಗಳ ಮಧ್ಯದಲ್ಲಿ ಬಂದು ಕೂತಿತ್ತು. ಅದಕ್ಕೂ ಹಾರ ಹಾಕಿ, ಮೋದಕ ಹಂಚಿದರು. ನಾನೂ ಎರಡು ತಿಂದೆ.

ಪಿನ್ನು, ಫ್ಲೇಂಜ್ ಎರಡೂ ಒಂದೇ ಲೇಥ್ ಮೇಲೆ, ಒಬ್ಬನೇ ಆಪರೇಟರ್ ಕೈಯಲ್ಲಿ ಆಗುತ್ತವೆ. ಅಮೆರಿಕಾದ ಬಂದರಿನಲ್ಲಿ ಅವುಗಳ ದಾರಿ ಬೇರೆ. ಫ್ಲೇಂಜ್ ವಾಹನದ ಬಿಡಿಭಾಗ, ಕಸ್ಟಮ್ಸ್ ಪಟ್ಟಿಯಲ್ಲಿ 8708ರ ಕೋಡು. ಕಾರು ಮತ್ತು ಹಗುರ ಟ್ರಕ್ಕುಗಳ ಬಿಡಿಭಾಗಕ್ಕೆ ಮೇ 3ರಿಂದಲೇ ಪ್ರತ್ಯೇಕವಾಗಿ ಶೇ. 25 ಹಾಕಿದ್ದರು. ಒಮ್ಮೆ ಆ ಪಟ್ಟಿಯಲ್ಲಿ ಬಂದರೆ ದೇಶದ ಮೇಲಿನ ಸುಂಕ ಮತ್ತೆ ಕೂಡುವುದಿಲ್ಲ. ಹಾಗಾಗಿ ಫ್ಲೇಂಜ್ 25ಕ್ಕೇ ನಿಂತಿತು. ಪಿನ್ನು ಮಣ್ಣು ಅಗೆಯುವ ಯಂತ್ರದ ಭಾಗ, 8431ರ ಕೋಡು. ಅದು ವಾಹನದ ಪಟ್ಟಿಯಲ್ಲಿ ಇಲ್ಲ. ಉಕ್ಕಿನ ಮಾಲು ಎಂದು ಹಿಡಿದರೆ ಜೂನ್ 4ರಿಂದ ಉಕ್ಕಿನ ಸುಂಕ 50. ಭಾರತದ ಮಾಲು ಎಂದು ಹಿಡಿದರೂ ಆಗ 50.

ಕಾಕಾ ಅವರಿಗೆ ಇದನ್ನು ವಿವರಿಸಲು ಒಂದು ಸಂಜೆ ಬೇಕಾಯಿತು. ಕೊನೆಗೆ ಅವರು ಕೇಳಿದ್ದು: "ಅಂದ್ರ ಪೋಕ್ಲೇನಿಗೆ ನಂಬರ್ ಪ್ಲೇಟ್ ಇದ್ದಿದ್ರ 25 ಉಳೀತಿತ್ತು?" ನಗು ಬಂತು, ಆದರೆ ವಿಷಯ ಹೆಚ್ಚು ಕಡಿಮೆ ಅದೇ.

ಫ್ಲೇಂಜಿನವರಿಗೂ ನಿಶ್ಚಿಂತೆ ಇರಲಿಲ್ಲ. ಜಪಾನ್, ಯುರೋಪಿನ ವಾಹನ ಬಿಡಿಭಾಗಗಳ ಸುಂಕ ಒಪ್ಪಂದ ಮಾಡಿಕೊಂಡು 15ಕ್ಕೆ ಇಳಿಯಿತು, ನಮ್ಮದು 25ರಲ್ಲೇ ಇತ್ತು. ಆದರೂ ಆ ಆರ್ಡರು ಹತ್ತರಲ್ಲಿ ಒಂದು ಪಾಲು ಮಾತ್ರ ಇಳಿಯಿತು. ಪಿನ್ನಿನ ಕಥೆ ಹಾಗಲ್ಲ. ಆಗಸ್ಟ್‌ನಲ್ಲಿ 8,000 ಹೋಗಿತ್ತು. ಸೆಪ್ಟೆಂಬರ್‌ನಲ್ಲಿ 2,200.

ಮೂರು ರೂಪಾಯಿ

ಆರ್ಡರು ಇಳಿದ ಮೇಲೆ ದರದ ಮಾತು ಬಂತು. ಸುಂಕ ಕಟ್ಟುವವರು ಅಮೆರಿಕಾದ ಆಮದುದಾರರು. ಅವರು ಚಾಕಣದ ಕಂಪನಿಗೆ ಹೇಳುತ್ತಾರೆ, ಸ್ವಲ್ಪ ನೀವು ಹೊರಿ. ಕಂಪನಿ ತನ್ನ ಜಾಬ್ ವರ್ಕ್‌ನವರಿಗೆ ಹೇಳುತ್ತದೆ. ಜಾಬ್ ವರ್ಕ್‌ನವನ ಕೆಳಗೆ ಯಾರೂ ಇಲ್ಲ.

ಪಿನ್ನಿಗೆ 48 ರೂಪಾಯಿ ಇತ್ತು, 45 ಮಾಡಿ ಎಂದರು. ಮೂರು ರೂಪಾಯಿ ಏನು ಮಹಾ ಅನಿಸುತ್ತದೆ ಅಲ್ವಾ? 48ರ ಲೆಕ್ಕ ನೋಡಿ. ಪಗಾರ 15, ಕರೆಂಟ್ 6, ಇನ್ಸರ್ಟ್ (ಉಕ್ಕು ಕತ್ತರಿಸುವ ಅಲಗು) ಮತ್ತು ಡ್ರಿಲ್ 7, ಕೂಲಂಟ್, ಎಣ್ಣೆ, ಸಾಗಾಟ 4, ಬಾಡಿಗೆ ಮತ್ತು ಆಫೀಸು 5, ಹಳೆಯ ಮಶೀನುಗಳ ಕಂತು 6. ಒಟ್ಟು 43. ಉಳಿಯುವುದು 5. ಅದರಲ್ಲಿ 3 ಹೋದರೆ 2. ಅದೂ 6,000 ಪಿನ್ನು ಹೋದಾಗಿನ ಮಾತು. 2,200 ಪಿನ್ನಿಗೆ ಅದೇ ಬಾಡಿಗೆ, ಅದೇ ಕಂತು ಹಂಚಿದರೆ ಎರಡು ರೂಪಾಯಿಯೂ ಇಲ್ಲ, ಕೈಯಿಂದಲೇ ಹಾಕಬೇಕು. ಇನ್ಸರ್ಟಿನ ಬೆಲೆ ಬೇರೆ ಏರುತ್ತಿತ್ತು. ಅದು ಟಂಗ್‌ಸ್ಟನ್‌ನಿಂದ ಆಗುವ ಮಾಲು, ಟಂಗ್‌ಸ್ಟನ್ ರಫ್ತಿಗೆ ಚೀನಾ ಫೆಬ್ರವರಿಯಲ್ಲೇ ಲೈಸನ್ಸ್ ಹಾಕಿತ್ತು.

ಹಣ ಬರುವ ದಿನವೂ ಮುಂದೆ ಹೋಯಿತು. ನಮ್ಮಂಥ ಸಣ್ಣವರಿಗೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು ಎಂದು ಕಾಯ್ದೆ ಇದೆ. ಬಿಲ್ಲು 70 ದಿನ ದಾಟಿದಾಗ ನಾನು ಕಾಯ್ದೆಯ ಮಾತು ಎತ್ತಿದೆ. "ಕಾಯ್ದೆ ತೋರಿಸಿದ್ರ ಅವರು ಆರ್ಡರ್ ತೋರ್ಸಂಗಿಲ್ಲ, ಸುಮ್ನಿರು" ಅಂದರು ಕಾಕಾ. 45 ರೂಪಾಯಿಗೂ ಒಪ್ಪಿಕೊಂಡರು.

ಇವಿ ಕೆಲಸ ಬಂತು, ಮ್ಯಾಗ್ನೆಟ್ ಬರಲಿಲ್ಲ

ಇದರ ನಡುವೆ ಇನ್ನೊಂದು ಎಳೆ ಇದೆ. ಮೇನಲ್ಲಿ ಸ್ಕೂಟರಿನ ಮೋಟರ್ ಮಾಡುವವರೊಬ್ಬರು ರೋಟರ್ (ಮೋಟರಿನೊಳಗೆ ತಿರುಗುವ ಭಾಗ) ಶಾಫ್ಟಿನ 200 ಸ್ಯಾಂಪಲ್ ಕೇಳಿದ್ದರು. ತಂದದ್ದು ಮಗ. ಪಿನ್ನಿನ ಗದ್ದಲದಲ್ಲಿ ಕಾಕಾ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ರಾತ್ರಿ ಶಿಫ್ಟಿನಲ್ಲಿ ಮಗನೇ ನಿಂತು ಮಾಡಿಸಿದ. ಜೂನ್‌ನಲ್ಲಿ ಪಾಸಾಯಿತು. ಜುಲೈನಲ್ಲಿ ಫೋನ್ ಬಂತು: ನಿಮ್ಮ ಶಾಫ್ಟ್ ಚೆನ್ನಾಗಿದೆ, ಆದರೆ ಈಗ ಬೇಡ, ಮ್ಯಾಗ್ನೆಟ್ ಇಲ್ಲ.

ಆ ಮೋಟರಿನ ರೋಟರಿಗೆ ನಿಯೋಡೈಮಿಯಂ ಮ್ಯಾಗ್ನೆಟ್ ಅಂಟಿಸುತ್ತಾರೆ. ಬಿಸಿಯಾದರೂ ಅದರ ಶಕ್ತಿ ಇಳಿಯಬಾರದೆಂದು ಡಿಸ್ಪ್ರೋಸಿಯಂ, ಟರ್ಬಿಯಂ ಎಂಬ ಲೋಹಗಳನ್ನು ಚೂರು ಬೆರೆಸುತ್ತಾರೆ. ಅಮೆರಿಕಾದ ಸುಂಕಕ್ಕೆ ಉತ್ತರವಾಗಿ ಚೀನಾ ಏಪ್ರಿಲ್ 4ರಂದು ಇಂಥ ಏಳು ಲೋಹಗಳಿಗೂ ಅವುಗಳ ಮ್ಯಾಗ್ನೆಟ್ಟಿಗೂ ರಫ್ತು ಲೈಸನ್ಸ್ ಕಡ್ಡಾಯ ಮಾಡಿತು. ಜಗಳ ಅವರಿಬ್ಬರದು, ಮಾಲು ನಿಂತದ್ದು ನಮಗೂ. ಭೋಸರಿಯಿಂದ ಸ್ವಲ್ಪವೇ ದೂರದ ಆಕುರ್ಡಿಯಲ್ಲಿ ಬಜಾಜ್ ಕಂಪನಿ, ಆಗಸ್ಟ್‌ನಲ್ಲಿ ಒಂದೂ ಎಲೆಕ್ಟ್ರಿಕ್ ಸ್ಕೂಟರ್ ತಯಾರಾಗದೆ ಇರಬಹುದು ಎಂದು ಎಚ್ಚರಿಸಿತ್ತು. ಆಮೇಲೆ ಸ್ವಲ್ಪ ಸ್ವಲ್ಪ ಮಾಲು ಬಂದು ಕೆಲಸ ಮತ್ತೆ ನಡೆಯಿತು.

ನಮ್ಮ ಶಾಫ್ಟಿಗೆ ಅಕ್ಟೋಬರ್‌ನಲ್ಲಿ ಮತ್ತೆ ಫೋನ್ ಬಂತು. ಆ ತಿಂಗಳು 1,200, ನವೆಂಬರ್‌ನಲ್ಲಿ 1,500. ಒಂದಕ್ಕೆ 40 ರೂಪಾಯಿ. ಶಾಫ್ಟಿನ ಮೇಲೆ ಕೀವೇ ಎಂಬ ತೋಡು ಕೊರೆಯುವ ಕೆಲಸ ಇರುವುದರಿಂದ ಹೊಸ ವಿಎಂಸಿಗೆ ದಿನಕ್ಕೆ ಎರಡು ಮೂರು ತಾಸು ಕೈ ತುಂಬುತ್ತದೆ. ಬಿಲ್ಲು 60 ಸಾವಿರ, ಆ ಮಶೀನಿನ ಕಂತು 47 ಸಾವಿರ. ಪಗಾರ, ಕರೆಂಟ್ ಕಳೆದರೆ ಕಂತು ತುಂಬುವುದಿಲ್ಲ. ಆದರೆ ಮಶೀನು ಸುಮ್ನೆ ಬಟ್ಟೆ ಹೊದ್ದು ಕೂತಿಲ್ಲ.

ನಮ್ಮ ಗೋಡೆಯೂ ಇದೆ

ಜುಲೈ 15ರಂದು ಮುಂಬೈನ ಬಿಕೆಸಿಯಲ್ಲಿ ಟೆಸ್ಲಾ ಅಂಗಡಿ ತೆರೆಯಿತು. ಮಗ ಆ ವಾರವೇ ಗೆಳೆಯರ ಜೊತೆ ಹೋಗಿ ನೋಡಿ ಬಂದ. ಅವರ ಮಾಡೆಲ್ ವೈ ಕಾರಿನ ಬೆಲೆ ಆಗ 59.89 ಲಕ್ಷದಿಂದ ಶುರುವಾಗುತ್ತಿತ್ತು. ಅಮೆರಿಕಾದಲ್ಲಿ ಅದು ಆಗ 44,990 ಡಾಲರ್ ಇತ್ತು, ಆಗಿನ ದರದಲ್ಲಿ 39 ಲಕ್ಷದ ಆಸುಪಾಸು. ನಡುವಿನ 20 ಲಕ್ಷದಲ್ಲಿ ಬಹುಪಾಲು ನಮ್ಮದೇ ಆಮದು ಸುಂಕ. ಇಲ್ಲಿಗೆ ಬರುವ ಆ ಕಾರು ಶಾಂಘೈನಲ್ಲಿ ತಯಾರಾದದ್ದು. ಪೂರ್ತಿ ಜೋಡಿಸಿದ ಕಾರು ತಂದರೆ 2025ರಲ್ಲಿ ಬೆಲೆಯ ಮೇಲೆ ಶೇ. 70ರಷ್ಟು, ಇನ್ನೂ ದುಬಾರಿ ಕಾರಾದರೆ 100ಕ್ಕಿಂತ ಜಾಸ್ತಿ. ಇಲ್ಲೇ 4,150 ಕೋಟಿ ಹಾಕಿ ಕಾರ್ಖಾನೆ ಕಟ್ಟುತ್ತೇವೆ ಎಂದರೆ ವರ್ಷಕ್ಕೆ 8,000 ಇವಿಗಳನ್ನು ಶೇ. 15ಕ್ಕೆ ತರಬಹುದು ಎಂದು ಕೇಂದ್ರ ಸರ್ಕಾರ 2024ರಲ್ಲಿ ಯೋಜನೆ ತಂದಿತ್ತು.

ಕಾಕಾ ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಅಲ್ಲಿಯವರೆಗೆ ಟ್ರಂಪ್‌ಗೆ ಬೈಯುತ್ತಿದ್ದವರು, "ಹಂಗಾದ್ರ ಚಾಕಣದ ಕಾರಿಗೆ ನಾವೂ ಬೇಲಿ ಕಟ್ಟೇವಿ" ಅಂದರು. ಹೌದು, ಕಟ್ಟಿದ್ದೇವೆ. ನನ್ನ ಕೇಳಿದರೆ ಆ ಬೇಲಿ ಇರುವುದರಿಂದಲೇ ಪುಣೆಯ ಸುತ್ತ ಇವಿ ಬಿಡಿಭಾಗದ ಕೆಲಸ ಹುಟ್ಟುತ್ತಿದೆ, ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೇಲಿಯ ಒಳಗಿನವರು ಕಾರು ದುಬಾರಿಯಾಗಿ ಕೊಳ್ಳುತ್ತಾರೆ ಎಂಬುದೂ ಅಷ್ಟೇ ನಿಜ. ಎರಡರಲ್ಲಿ ಯಾವುದು ಹೆಚ್ಚು ಎಂದು ತೂಗುವ ತಕ್ಕಡಿ ಲೆಕ್ಕ ಬರೆಯುವವನ ಹತ್ತಿರ ಇಲ್ಲ.

ಮಗನ ಕಾರಿನ ಮಾತು ಅಷ್ಟಕ್ಕೇ ನಿಂತಿತು. ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಇವಿಯದು ಮೊದಲಿನಂತೆ 5. ಅಂತರ ಕಡಿಮೆಯಾಯಿತು ಎಂದು ಅಪ್ಪ, ಇನ್ನೂ 13 ಇದೆ ಎಂದು ಮಗ. ಕಾರು ಕೊಳ್ಳಲು ಇಬ್ಬರ ಹತ್ತಿರವೂ ದುಡ್ಡಿರಲಿಲ್ಲ.

ಡಿಸೆಂಬರಿನ ಕೂಡಿಕೆ

ಅಕ್ಟೋಬರ್‌ನಲ್ಲಿ 1,800 ಪಿನ್ನು, ನವೆಂಬರ್‌ನಲ್ಲಿ 2,000. ರಾತ್ರಿ ಶಿಫ್ಟ್ ನಿಂತಿತು. ಮೂವರು ಹುಡುಗರು ದೀಪಾವಳಿಗೆ ಊರಿಗೆ ಹೋದವರು ಬರಲಿಲ್ಲ, ಕಾಕಾ ಕರೆಯಲೂ ಇಲ್ಲ. ಹೊಸ ವಿಎಂಸಿ ಮಾರಿಬಿಡುವ ಮಾತು ಬಂತು. ನಾಲ್ಕು ತಿಂಗಳ ಮಶೀನಿಗೆ 19 ಲಕ್ಷ ಕೊಡುತ್ತೇನೆ ಎಂದ ಒಬ್ಬ. ಸಾಲವೂ ತೀರುವುದಿಲ್ಲ.

ಡಿಸೆಂಬರ್ ಮೊದಲ ವಾರ ಪುಸ್ತಕ ಹಿಡಿದು ಕೂತಿದ್ದಾಗ ಪಿನ್ನಿನ ಕಾಲಂ ಸುಮ್ನೆ ಕೂಡಿದೆ. ಏಪ್ರಿಲ್‌ನಿಂದ ಜುಲೈ 38,000. ಆಗಸ್ಟ್ 8,000. ಉಳಿದ ಮೂರು ತಿಂಗಳು 6,000. ಒಟ್ಟು 52,000. ತಿಂಗಳಿಗೆ 6,000 ರೂಢಿಯಂತೆ ಎಂಟು ತಿಂಗಳಿಗೆ 48,000 ಆಗಬೇಕಿತ್ತು. ಅಂದರೆ ಕೆಲಸ ಕಡಿಮೆಯಾಗಿಯೇ ಇರಲಿಲ್ಲ. 4,000 ಪಿನ್ನು ಜಾಸ್ತಿಯೇ ಹೋಗಿತ್ತು. ಎರಡು ಸಲ ಕೂಡಿ ನೋಡಿದೆ.

ಕಾಕಾ ಅವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಸಾಲು ಸಾಲು ನೋಡಿದರು.

"ಅಂದ್ರ ಸೆಪ್ಟೆಂಬರಿಂದು ನಾವು ಜೂನದಾಗ ತಿಂದ್ ಬಿಟ್ಟೇವಿ."

"ಹೌದ್ರಿ ಕಾಕಾ. ಅದರ ಮ್ಯಾಲ ಮಶೀನ್ ತಗೊಂಡೇವಿ."

"ತಗೊಂಡೇವಿ ಅಲ್ಲ, ತಗೊಂಡೆ" ಅಂದರು. ಬ್ಯಾಂಕಿನ ಕಾಗದ ಬರೆದದ್ದು ನಾನು ಎಂದು ನೆನಪಿಸಿದೆ. ಅದಕ್ಕೆ ಉತ್ತರ ಕೊಡಲಿಲ್ಲ, ಚಹಾ ಹೇಳಿದರು.

ಈ ಕೂಡಿಕೆಯಿಂದ ಒಂದು ಕೆಲಸವಾಯಿತು. ಅಲ್ಲಿಯ ಗೋದಾಮು ಖಾಲಿಯಾಗುವವರೆಗೆ ಪಿನ್ನಿನ ನಿಜವಾದ ಬೇಡಿಕೆ ಎಷ್ಟೆಂದು ತಿಳಿಯುವುದಿಲ್ಲ, ಹಾಗಾಗಿ ವಿಎಂಸಿಯನ್ನು ನಷ್ಟಕ್ಕೆ ಮಾರುವುದು ಬೇಡ ಎಂದು ತೀರ್ಮಾನಿಸಿದರು. ಕಂತನ್ನು ಏಳು ವರ್ಷಕ್ಕೆ ಹಂಚಿ ಕೊಡಿ ಎಂದು ಬ್ಯಾಂಕಿಗೆ ಅರ್ಜಿ ಹಾಕಿದ್ದೇವೆ. ಈ ಸಲ ಕಾಗದದಲ್ಲಿ ಎಂಟೂ ತಿಂಗಳ ಅಂಕಿ ಇಟ್ಟಿದ್ದೇನೆ. ಶಾಫ್ಟಿನ ಕೆಲಸ ಪೂರ್ತಿ ಮಗನ ಕೈಗೆ ಬಂದಿದೆ.

ಇನ್ನೊಂದು ಬದಲಾವಣೆ ಯಾರೂ ಯೋಚಿಸಿ ಮಾಡಿದ್ದಲ್ಲ. 11,000 ಪಿನ್ನು ಎಂದರೆ ತಿಂಗಳಿಗೆ 33 ಟನ್, ಅದಕ್ಕೆ ಬಾಡಿಗೆ ಟೆಂಪೋ ಬೇಕೇ ಬೇಕಿತ್ತು. 2,000 ಪಿನ್ನು ಎಂದರೆ ಆರೇ ಟನ್. ಅಷ್ಟಕ್ಕೆ ಟೆಂಪೋ ಕರೆದರೆ ಅರ್ಧ ಖಾಲಿ ಹೋಗುತ್ತದೆ, ಬಾಡಿಗೆ ಪೂರ್ತಿ. ಮಗ ಎಲ್ಲೋ ವಿಚಾರಿಸಿ ಸೆಕೆಂಡ್‌ಹ್ಯಾಂಡ್ ಎಲೆಕ್ಟ್ರಿಕ್ ತ್ರೀ ವೀಲರ್ ತಂದ. ಒಂದು ಸಲಕ್ಕೆ 150 ಪಿನ್ನು ಹೊರುತ್ತದೆ, ಚಾಕಣಕ್ಕೆ ಹೋಗಿ ಬರಲು ಒಂದು ಚಾರ್ಜ್ ಸಾಕು. ಈಗ ಅದು ರಾತ್ರಿ ಶೆಡ್ಡಿನೊಳಗೆ, ಹೊಸ ವಿಎಂಸಿಯ ಪಕ್ಕದಲ್ಲೇ ನಿಂತು ಚಾರ್ಜ್ ಆಗುತ್ತದೆ. ಆಳಂದಿಯ ಹುಡುಗನ ಸ್ಕೂಟರಿಗೂ ಪ್ಲಗ್ ಸಿಕ್ಕಿದೆ. ಕಾಕಾ ಅದಕ್ಕೆ ಬೇರೆ ಮೀಟರ್ ಕೂರಿಸಿದ್ದಾರೆ. ಯೂನಿಟ್ ಬರೆದಿಡಲು ಪಿನ್ನಿನ ಪುಸ್ತಕದಲ್ಲೇ ಇನ್ನೊಂದು ಕಾಲಂ ಹಾಕಿಸಿದರು.